ಬಿಸಿನೆಲದ ಮೇಲೆ ಓಡಬೇಡಿ

ಪ್ರವಾಸ ಕಂಪನಿಗಳ ನುಣುಪು ಕಾಗದದ ಪುಸ್ತಿಕೆಯಲ್ಲಿ ನ್ಯೂಜಿಲೆಂಡಿನ ರೊಟೊರುವಾಕ್ಕೆ ಸಿಗುವುದು ಹೆಚ್ಚೆಂದರೆ ಮೂರು ಸಾಲು. ಬೆಳಿಗ್ಗೆ ಆಕ್ಲೆಂಡ್ ಬಿಡುವುದು, ದಾರಿಯಲ್ಲಿ ವೈಟೊಮೊ ಗುಹೆಯ ಮಿಣುಕುಹುಳ ನೋಡುವುದು, ಮಧ್ಯಾಹ್ನಕ್ಕೆ ರೊಟೊರುವಾ. ಅಲ್ಲಿ ಕುರಿಯ ಉಣ್ಣೆ ಕತ್ತರಿಸುವ ಪ್ರದರ್ಶನ, ಬಿಸಿನೀರಿನ ಬುಗ್ಗೆಗಳ ವೀಕ್ಷಣೆ, ರಾತ್ರಿ ಮಾವೊರಿ ನೃತ್ಯ, ಭಾರತೀಯ ಊಟ. ಬೆಳಗಾದರೆ ಕ್ವೀನ್ಸ್‌ಟೌನಿನ ವಿಮಾನ. ಬ್ಯಾಂಕಿನಲ್ಲಿ ಸಾಲಪತ್ರಗಳ ಸಣ್ಣಕ್ಷರ ಓದಿ ಓದಿಯೇ ಕನ್ನಡಕದ ನಂಬರು ಏರಿಸಿಕೊಂಡವಳು ನಾನು. ಪುಸ್ತಿಕೆಯ ಕೊನೆಯ ಪುಟದಲ್ಲಿ ‘ಬುಗ್ಗೆಗಳ ಪ್ರವೇಶ ಶುಲ್ಕ ಸೇರಿಲ್ಲ’ ಎಂದಿದ್ದುದು ಕಣ್ಣಿಗೆ ಬೀಳದೆ ಇರುತ್ತದೆಯೇ? ಅಷ್ಟು ದೂರ ಹೋಗಿ, ಕುದಿಯುವ ನೆಲವನ್ನು ಬೇಲಿಯ ಈಚೆಯಿಂದ ನೋಡಿ, ಬಸ್ಸಿನ ಮುಂದೆ ಗ್ರೂಪ್ ಫೋಟೊ ತೆಗೆಸಿಕೊಂಡು ವಾಪಸಾಗುವ ಈ ಪದ್ಧತಿಯ ಬಗ್ಗೆ ನನ್ನದೊಂದು ತಕರಾರಿದೆ. ಆ ನೆಲದವರನ್ನು ಬಿಟ್ಟು ಆ ನೆಲವನ್ನು ತೋರಿಸುವುದಕ್ಕೆ ನನ್ನ ಆಕ್ಷೇಪ.

ಗುಂಪಿನಲ್ಲಿ ಹೋಗುವುದಕ್ಕೆ ಖಂಡಿತ ಆಕ್ಷೇಪವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ‘ಗ್ರೂಪ್ ಟೂರ್’ ಎಂದ ಕೂಡಲೇ ಮೂಗು ಮುರಿಯುವುದು ಈಗಿನ ಹುಡುಗರಿಗೆ ಅಭ್ಯಾಸವಾಗಿದೆ. ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಹೋದರಷ್ಟೇ ಪ್ರವಾಸ, ಉಳಿದದ್ದೆಲ್ಲ ಕುರಿಮಂದೆ ಎಂದು ನನ್ನ ಅಕ್ಕನ ಮಗನೇ ಹೇಳುತ್ತಾನೆ. ನಮ್ಮ ಬಸ್ಸಿನಲ್ಲಿ ಯಾರಿದ್ದರು ಅವನಿಗೇನು ಗೊತ್ತು? ಗಂಡ ತೀರಿಕೊಂಡ ಮೇಲೆ ಮೊದಲ ಸಲ ಮನೆ ಬಿಟ್ಟು ಹೊರಟ ಹಾಸನದ ಟೀಚರ್ ಒಬ್ಬರು. ಅಡಿಕೆ ಮಾರಿದ ದುಡ್ಡಿನಲ್ಲಿ ಹೆಂಡತಿಯನ್ನು ಕರೆತಂದಿದ್ದ ಸಾಗರದ ಕಡೆಯ ಹೆಗಡೆಯವರು. ಇಂಗ್ಲಿಷ್ ಬಾರದು, ಮಂಡಿ ನೋವು, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಮಕ್ಕಳು ಅಮೆರಿಕದಲ್ಲಿದ್ದು, ವರ್ಷಕ್ಕೊಂದು ದೇಶ ನೋಡುವ ಮೈಸೂರಿನ ದಂಪತಿ. ಇವರೆಲ್ಲ ಒಬ್ಬೊಬ್ಬರೇ ಹೋಗುವ ಮಾತೇ ಇಲ್ಲ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ, ಕೋಡುಬಳೆ, ಮಿಡಿ ಉಪ್ಪಿನಕಾಯಿಯನ್ನು ಫಾರಂನಲ್ಲಿ ಘೋಷಿಸದೆ ಹೋದರೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳುತ್ತದೆಂದು ವಿಮಾನದಲ್ಲಿ ಪ್ರತಿ ಸೀಟಿಗೂ ಹೋಗಿ ಹೇಳಿ, ಎಲ್ಲರ ಫಾರಂ ತಾನೇ ತುಂಬಿಕೊಟ್ಟ ಟೂರ್ ಮ್ಯಾನೇಜರ್ ಹುಡುಗನಿಗೆ ನಾನು ಈಗಲೂ ಕೃತಜ್ಞಳು. ನನ್ನ ತಕರಾರು ಅವನ ಮೇಲಲ್ಲ, ಅವನ ಕೈಗೆ ಗಡಿಯಾರ ಕೊಟ್ಟು ಕಳಿಸಿದವರ ಮೇಲೆ.

ರೊಟೊರುವಾ ಇರುವುದು ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ಟೌಪೊ ಜ್ವಾಲಾಮುಖಿ ವಲಯದ ನಡುವೆ. ದಕ್ಷಿಣಕ್ಕೆ ಹಿಮ ಹೊತ್ತ ರುವಪೆಹು ಪರ್ವತದಿಂದ ಹಿಡಿದು ಉತ್ತರಕ್ಕೆ ಸಮುದ್ರದೊಳಗಿನ ಫಕಾರಿ ದ್ವೀಪದವರೆಗೆ ಈ ವಲಯ ಚಾಚಿದೆ. ಪೆಸಿಫಿಕ್ ಭೂಫಲಕ ಆಸ್ಟ್ರೇಲಿಯಾ ಫಲಕದ ಅಡಿಗೆ ಜಾರುತ್ತಿರುವುದರಿಂದ ಇಲ್ಲಿ ಶಿಲಾಪಾಕ ಮೇಲಕ್ಕೆ ಹತ್ತಿರ ಬಂದು ಕೂತಿದೆ. ಊರ ಮಗ್ಗುಲಲ್ಲಿರುವ ದೊಡ್ಡ ಕೆರೆ ಮಳೆನೀರು ನಿಂತ ಬರಿಯ ತಗ್ಗಲ್ಲ. ಸುಮಾರು 2,40,000 ವರ್ಷಗಳ ಹಿಂದೆ ಒಂದು ಮಹಾಸ್ಫೋಟ ಆದ ಮೇಲೆ ಕುಸಿದ ಜ್ವಾಲಾಮುಖಿಯ ಬಾಯಿ ಅದು. ಬುಗ್ಗೆ ಚಿಮ್ಮುವ ಬಗೆಯನ್ನು ಹೆಗಡೆಯವರ ಹೆಂಡತಿಗೆ ನಾನು ಕುಕ್ಕರಿನ ಲೆಕ್ಕದಲ್ಲಿ ವಿವರಿಸಿದೆ. ಆಳದಲ್ಲಿ ಮೇಲಿನ ನೀರಿನ ಭಾರ ಇರುವುದರಿಂದ ಕೆಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿ ಏರುತ್ತಾ ಹೋಗಿ, ಮೇಲಿನ ನೀರು ಒಂದಿಷ್ಟು ಉಕ್ಕಿ ಚೆಲ್ಲಿದ್ದೇ ತಡ, ಭಾರ ಇಳಿಯುತ್ತದೆ, ತಳದ ನೀರೆಲ್ಲ ಒಮ್ಮೆಗೇ ಹಬೆಯಾಗಿ ಮೇಲಿನದನ್ನು ಆಕಾಶಕ್ಕೆ ಎತ್ತಿ ಒಗೆಯುತ್ತದೆ. ‘ವಿಸಿಲ್ ಎತ್ತಿದರೆ ಬೇಳೆ ಹಾರುತ್ತಲ್ಲ, ಹಾಗೆ ಅನ್ನಿ’ ಎಂದರು ಅವರು. ಅಷ್ಟೇ ವಿಷಯ.

ಬಸ್ಸಿನಿಂದ ಇಳಿಯುವ ಮುಂಚೆಯೇ ವಾಸನೆ ಬಂತು. ಕೊಳೆತ ಮೊಟ್ಟೆಯದು ಎಂದು ಎಲ್ಲರೂ ಬರೆಯುತ್ತಾರೆ; ಮೊಟ್ಟೆ ಮುಟ್ಟದ ನಮ್ಮವರಿಗೆ ಅದು ದೀಪಾವಳಿ ಮರುದಿನದ ಬೀದಿಯನ್ನು ನೆನಪಿಸಿತು. ಹೈಡ್ರೋಜನ್ ಸಲ್ಫೈಡ್ ಅನಿಲ. ಬಯಲಿನಲ್ಲಿ ಅದು ಬರೀ ಕಿರಿಕಿರಿ, ಗಾಳಿಯಾಡದ ಕೋಣೆಯಲ್ಲಿ ತುಂಬಿಕೊಂಡರೆ ಪ್ರಾಣಕ್ಕೇ ಕುತ್ತು. ಈ ಊರಿನಲ್ಲಿ ಹಾಗೆ ಜೀವ ಹೋದದ್ದೂ ಉಂಟು. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟ ಇನ್ನೊಂದು ಚಿಕ್ಕ ಸಂಗತಿ ದೊಡ್ಡ ರಾದ್ಧಾಂತ ಮಾಡಿತು. ಊರ ನಡುವಿನ ಕುಯಿರೌ ಉದ್ಯಾನದಲ್ಲಿ ಪುಕ್ಕಟೆಯಾಗಿ ಕಾಲು ಇಳಿಬಿಟ್ಟುಕೊಂಡು ಕೂರಲು ಬಿಸಿನೀರಿನ ತೊಟ್ಟಿಗಳಿವೆ. ನಮ್ಮ ಹೆಂಗಸರೆಲ್ಲ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಸಾಲಾಗಿ ಕೂತೆವು. ಮಂಡಿ ನೋವಿನವರ ಮುಖ ನೋಡಬೇಕಿತ್ತು, ಅಂಥ ಸುಖ. ಎದ್ದು ಒರೆಸಿಕೊಳ್ಳುವಾಗ ಟೀಚರ್ ‘ಅಯ್ಯೋ’ ಎಂದರು. ಕಾಲುಂಗುರ ಕಪ್ಪಾಗಿತ್ತು. ನೋಡಿದರೆ ಎಲ್ಲರದೂ ಹಾಗೇ. ಗೆಜ್ಜೆ ಹಾಕಿದ್ದವರದು ಇನ್ನೂ ಕರ್ರಗೆ. ಗಂಡ ಇಲ್ಲದಿದ್ದರೂ ಕಾಲುಂಗುರ ಬಿಡದ ಆ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂತು. ‘ಬೆಳ್ಳಿಗೂ ಗಂಧಕಕ್ಕೂ ಆಗಿಬರಲ್ಲ ಕಣ್ರೀ, ವಿಭೂತಿ ಹಾಕಿ ಉಜ್ಜಿದರೆ ಹೋಗುತ್ತೆ’ ಎಂದು ನಾನು ಸಮಾಧಾನ ಮಾಡುತ್ತಿರುವಾಗಲೇ ಮ್ಯಾನೇಜರ್ ‘ಅಮ್ಮಾ, ಐದು ನಿಮಿಷ, ಬಸ್ಸು’ ಎಂದ. ಬೆಳ್ಳಿ ಬಿಚ್ಚಿಡಿ ಎಂಬ ಒಂದು ಮಾತು ಹಿಂದಿನ ರಾತ್ರಿ ಹೇಳಿದ್ದರೆ ಮುಗಿಯುತ್ತಿತ್ತು. ರೊಟೊರುವಾದ ಯಾವ ಅಂಗಡಿಯ ಹುಡುಗಿಗೂ ಅದು ಗೊತ್ತಿರುವ ವಿಷಯ.

ದೊಡ್ಡ ಕೊಳಗಳ ಕತೆ ಇನ್ನೂ ಬೇಸರದ್ದು. ಪುಸ್ತಿಕೆಯಲ್ಲಿ ‘ಖನಿಜ ಸ್ನಾನದ ಅನುಭವ’ ಎಂದಿತ್ತು. ಅಲ್ಲಿ ಹೋದರೆ ಈಜುಡುಗೆ ಇಲ್ಲದೆ ಒಳಗೆ ಬಿಡುವುದಿಲ್ಲ. ಅರವತ್ತು ದಾಟಿದ ನಮ್ಮ ಹೆಂಗಸರು ಈಜುಡುಗೆ ತಂದಿರುತ್ತಾರೆಯೇ? ಗಂಡಸರು ಹೋಗಿ ಮುಳುಗಿ ಬಂದರು, ನಾವು ಅಷ್ಟು ಹೊತ್ತೂ ಬೆಂಚಿನ ಮೇಲೆ ಚಕ್ಕುಲಿ ತಿಂದುಕೊಂಡು ಕೂತೆವು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಖಾಸಗಿ ಕೊಳಗಳೂ ಅದೇ ಊರಿನಲ್ಲಿವೆ, ಬಾಗಿಲು ಹಾಕಿಕೊಂಡು ಹೆಂಗಸರೇ ಇಳಿಯಬಹುದು ಎಂದು ಗೊತ್ತಾದದ್ದು ಆಮೇಲೆ. ರಕ್ತದೊತ್ತಡ ಇರುವವರು ಹೆಚ್ಚು ಹೊತ್ತು ಕೂರಬಾರದು, ಬಯಲಿನ ಸಹಜ ಕೊಳಗಳಲ್ಲಿ ತಲೆ ಮುಳುಗಿಸಲೇಬಾರದು, ಮೂಗಿನೊಳಗೆ ನೀರು ಹೋದರೆ ಮಿದುಳಿಗೆ ಏರುವ ಅಮೀಬಾ ಇರಬಹುದು ಎಂದು ಅಲ್ಲಿ ಬೋರ್ಡೇ ಹಾಕಿರುತ್ತಾರೆ. ತೀರ್ಥ ಕಂಡಲ್ಲಿ ಮೂರು ಮುಳುಗು ಹಾಕುವ ಜನ ನಾವು. ಈ ಎಚ್ಚರಿಕೆ ಕನ್ನಡದಲ್ಲಿ ಬೇಕಾದದ್ದು ನಮಗೇ ಮೊದಲು.

ಇಷ್ಟರ ನಡುವೆ ಆ ಊರನ್ನು ಸರಿಯಾಗಿ ನೋಡಿದ ಒಂದು ಗಳಿಗೆ ಇದೆ. ಹ್ಯಾಮಿಲ್ಟನ್ನಿನಲ್ಲಿರುವ ನನ್ನ ತಂಗಿಯ ಮಗಳು, ‘ದೊಡ್ಡಮ್ಮ, ಕುರಿ ಶೋ ಬಿಟ್ಟಾದರೂ ಫಕರೆವರೆವಾ ಹಳ್ಳಿಗೆ ಹೋಗಿ’ ಎಂದು ಫೋನಿನಲ್ಲಿ ಹೇಳಿದ್ದಳು. ಹತ್ತೋ ಹನ್ನೆರಡೋ ಜನ ಜೊತೆಗೂಡಿ, ಟಿಕೆಟಿನ ದುಡ್ಡು ನಾವೇ ಹಾಕಿಕೊಂಡು ಹೋದೆವು. ಅದು ಪ್ರದರ್ಶನಕ್ಕೆ ಕಟ್ಟಿದ ಹಳ್ಳಿಯಲ್ಲ. ತುಹೌರಂಗಿ, ಙಾತಿ ವಾಹಿಯಾವೊ ಕುಲದ ಮಾವೊರಿ ಕುಟುಂಬಗಳು ಹಬೆಯೇಳುವ ನೆಲದ ಮೇಲೆ ಈಗಲೂ ಸಂಸಾರ ಮಾಡಿಕೊಂಡಿರುವ ಜಾಗ. ಸೇತುವೆಯ ಮೇಲಿಂದ ಮಕ್ಕಳು ತಣ್ಣನೆಯ ಹೊಳೆಗೆ ಹಾರಿ, ಪ್ರವಾಸಿಗರು ಎಸೆದ ನಾಣ್ಯ ಹೆಕ್ಕಿ ಬಾಯಲ್ಲಿ ಕಚ್ಚಿಕೊಂಡು ಮೇಲೆ ಬರುತ್ತಿದ್ದರು. ನಮ್ಮನ್ನು ಕರೆದೊಯ್ದವರು ಅಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಂಗಸು, ನನ್ನದೇ ವಯಸ್ಸು. ಮೊದಲ ಮಾತೇ, ‘ಬೇಲಿ ದಾಟಬೇಡಿ, ಓಡಬೇಡಿ’. ಅವರ ಹಿಂದೆ ಸಣ್ಣ ಹೆಜ್ಜೆ ಹಾಕುತ್ತಾ ಹೋದೆವು.

ಕುದಿಯುವ ಕೊಳದ ದಡದಲ್ಲಿ ಅವರು ನಿಂತರು. ನೀಲಿ ನೀರು, ಅಂಚಿಗೆ ಬಿಳಿಯ ಸಿಲಿಕಾ ಗಟ್ಟಿಯಾಗಿ ಕೂತಿದೆ. ಬಟ್ಟೆಚೀಲದಲ್ಲಿ ಕಟ್ಟಿ ಇಳಿಬಿಟ್ಟಿದ್ದ ಮೆಕ್ಕೆಜೋಳದ ತೆನೆಗಳನ್ನು ಹಗ್ಗ ಹಿಡಿದು ಮೇಲೆತ್ತಿ, ನೀರು ಸೋರಲು ಬಿಟ್ಟು, ನಮಗೊಂದೊಂದು ಕೊಟ್ಟರು. ಉಪ್ಪು ಹಾಕಿಲ್ಲ, ಆದರೂ ನಾಲಿಗೆಗೆ ಉಪ್ಪಿನಂಶ ತಾಗುತ್ತದೆ. ಕುಲು ಮನಾಲಿ ಟೂರಿಗೆ ಹೋಗಿ ಬಂದವರು ಮಣಿಕರಣದಲ್ಲಿ ಅಕ್ಕಿಗಂಟು ಬೇಯಿಸಿದ್ದನ್ನು ನೆನೆದರು, ಪುತ್ತೂರಿನ ಕಡೆಯವರೊಬ್ಬರು ಇರ್ದೆಯ ಬೆಂದ್ರುತೀರ್ಥದ ಸುದ್ದಿ ತೆಗೆದರು. ಅವೆರಡೂ ಜ್ವಾಲಾಮುಖಿಯ ಬಿಸಿಯಲ್ಲ, ಇರಲಿ. ಆಚೆಗೆ ಮರದ ಪೆಟ್ಟಿಗೆಗಳು. ಮುಚ್ಚಳ ತೆಗೆದರೆ ನೆಲದಿಂದಲೇ ಏಳುವ ಹಬೆ. ಬೆಳಿಗ್ಗೆ ಮಾಂಸ, ಗೆಣಸು ಇಟ್ಟು ಕೆಲಸಕ್ಕೆ ಹೋದರೆ ಬರುವ ಹೊತ್ತಿಗೆ ಅಡುಗೆ ಸಿದ್ಧ. ಗ್ಯಾಸಿನ ಬಿಲ್ಲಿಲ್ಲ. ಅದರಾಚೆ ಕಾಲುವೆಯಲ್ಲಿ ಹರಿದು ತಣಿದ ನೀರು ತುಂಬುವ ಸ್ನಾನದ ತೊಟ್ಟಿಗಳು, ಊರವರೆಲ್ಲ ಬೆಳಿಗ್ಗೆ ಸಂಜೆ ಮೀಯುವುದು ಅಲ್ಲೇ. ಸ್ಮಶಾನದಲ್ಲಿ ಗೋರಿಗಳು ನೆಲದ ಮೇಲೆ, ಕಾಂಕ್ರೀಟಿನ ಪೆಟ್ಟಿಗೆಗಳಲ್ಲಿ. ಆರಡಿ ಅಗೆದರೆ ಹಬೆ. ‘ನಿಮ್ಮ ಮನೆಯ ಅಡಿಯಲ್ಲೇ ಹಬೆ ಎದ್ದರೆ?’ ಎಂದು ಹೆಗಡೆಯವರು ಕನ್ನಡದಲ್ಲೇ ಕೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ‘ಮನೆ ಬಿಡುತ್ತೇವೆ. ನೆಲ ಭೂಮಿತಾಯಿಯದು, ನಮಗೆ ಅವಳು ಕೊಟ್ಟಷ್ಟು ದಿನ’ ಎಂದರು ಆಕೆ, ತೀರಾ ಸಾಮಾನ್ಯ ಧ್ವನಿಯಲ್ಲಿ. ಹೆಗಡೆಯವರು ತಲೆ ಆಡಿಸಿದರು. ಟೂರಿನುದ್ದಕ್ಕೂ ಅವರು ಕೇಳಿದ ಒಂದೇ ಪ್ರಶ್ನೆ ಅದು.

ಹೀಗೆ ಕರೆದೊಯ್ದು ತೋರಿಸುವುದು ಆ ಹೆಂಗಸರಿಗೆ ನಿನ್ನೆ ಮೊನ್ನೆ ಕಲಿತ ಉದ್ಯೋಗವಲ್ಲ. ನಮ್ಮಲ್ಲಿ ಪ್ರವಾಸ ಎಂದರೆ ಕಾಶಿ ರಾಮೇಶ್ವರ ಎಂದಿದ್ದ ಕಾಲಕ್ಕೇ ತರವೆರಾ ಬೆಟ್ಟದ ಬಳಿಯ ತೆ ವೈರೊವಾ ಎಂಬ ಊರಿಗೆ ಯುರೋಪಿನಿಂದ ಜನ ಬರುತ್ತಿದ್ದರು, ಗುಲಾಬಿ ಮತ್ತು ಬಿಳಿ ಬಣ್ಣದ ಸಿಲಿಕಾ ಮೆಟ್ಟಿಲುಗಳನ್ನು ನೋಡಲು. ಒಂದರ ಕೆಳಗೊಂದು ಬಿಸಿನೀರಿನ ಬೋಗುಣಿಗಳು, ಕೆರೆಯ ದಂಡೆಯವರೆಗೆ. ದೋಣಿಯಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದವರು ಮಾವೊರಿ ಮಾರ್ಗದರ್ಶಕಿಯರು, ಅವರಲ್ಲಿ ಹೆಸರುವಾಸಿ ಸೋಫಿಯಾ ಹಿನೆರಂಗಿ. ಬಂದ ಹಣ ಎಷ್ಟಿತ್ತೆಂದರೆ, ಹಿನೆಮಿಹಿ ಎಂಬ ಅವರ ಸಭಾಮನೆಯ ಕೆತ್ತನೆಗಳ ಕಣ್ಣಿಗೆ ವಾಡಿಕೆಯ ಕಪ್ಪೆಚಿಪ್ಪಿನ ಬದಲು ಚಿನ್ನದ ಸಾವರಿನ್ ನಾಣ್ಯ ಕೂರಿಸಿದ್ದರು. ಕ್ಯಾಶ್ ಕೌಂಟರಿನಲ್ಲಿ ಕೂತು ಬಂದ ನನಗೆ ಈ ವಿವರ ಬಹಳ ಹಿಡಿಸಿತು. ದುಡ್ಡು ಯಾರ ಕೈಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1886ರ ಮೇ 31ರಂದು ಸೋಫಿಯಾ ಕರೆದೊಯ್ಯುತ್ತಿದ್ದ ಪ್ರವಾಸಿಗರು ಕೆರೆಯ ಮೇಲೆ ಯಾರದೂ ಅಲ್ಲದ ಒಂದು ಯುದ್ಧದೋಣಿ ಕಂಡೆವು ಎಂದರು. ಅದು ಭ್ರಮೆಯೋ ಏನೋ, ನಾನು ತೀರ್ಪು ಹೇಳುವುದಿಲ್ಲ. ಜೂನ್ 10ರ ನಸುಕಿನಲ್ಲಿ ತರವೆರಾ ಸಿಡಿಯಿತು. ನೆಲ 17 ಕಿಲೋಮೀಟರ್ ಉದ್ದಕ್ಕೆ ಬಿರಿಯಿತು, ಸುಮಾರು 120 ಜನ ಸತ್ತರು, ಹೆಚ್ಚಿನವರು ಮಾವೊರಿಗಳು. ಗುಲಾಬಿ ಮೆಟ್ಟಿಲು, ಬಿಳಿ ಮೆಟ್ಟಿಲು ಎರಡೂ ಇಲ್ಲವಾದವು. ಕಲ್ಲು ಕೆಸರಿನ ಮಳೆಯಲ್ಲಿ ಸೋಫಿಯಾರ ಗಟ್ಟಿಮುಟ್ಟಾದ ಮನೆಯೊಳಗೆ ಸೇರಿಕೊಂಡ ಅರವತ್ತಕ್ಕೂ ಹೆಚ್ಚು ಜನ ಬದುಕಿದರು. ಹಿನೆಮಿಹಿಯೊಳಗೂ ಜನ ಉಳಿದುಕೊಂಡರು. ಆ ಸಭಾಮನೆಯನ್ನು 1892ರಲ್ಲಿ ಗವರ್ನರ್ ಒನ್ಸ್‌ಲೊ 50 ಪೌಂಡಿಗೆ ಕೊಂಡು ಇಂಗ್ಲೆಂಡಿನ ತನ್ನ ತೋಟಕ್ಕೆ ಸಾಗಿಸಿದ. ಊರು ಕಳೆದುಕೊಂಡವರು ಫಕರೆವರೆವಾಕ್ಕೆ ಬಂದು ನೆಲೆಸಿದರು, ಸೋಫಿಯಾ ಅಲ್ಲೂ ಜನರನ್ನು ಕರೆದೊಯ್ಯುವ ಕೆಲಸ ಮುಂದುವರಿಸಿದರು. ಅವರ ನಂತರದವರಲ್ಲಿ ಮಾಕೆರೆತಿ, ಪ್ರವಾಸಿಗರ ಬಾಯಲ್ಲಿ ಮ್ಯಾಗಿ ಪಾಪಾಕುರಾ, 1901ರಲ್ಲಿ ಬ್ರಿಟಿಷ್ ರಾಜಕುಮಾರ ದಂಪತಿಗೆ ಊರು ತೋರಿಸಿದರು. ಮುಂದೆ ಆಕ್ಸ್‌ಫರ್ಡಿಗೆ ಹೋಗಿ ಮಾನವಶಾಸ್ತ್ರ ಓದಿದರು. ತನ್ನ ಜನರ ಬಗ್ಗೆ ಅವರು ಬರೆದ ಪುಸ್ತಕ ಅವರು ತೀರಿಕೊಂಡ ಮೇಲೆ 1938ರಲ್ಲಿ ಅಚ್ಚಾಯಿತು. ನಮಗೆ ತೆನೆ ಕೊಟ್ಟ ಹೆಂಗಸಿನ ಹಿಂದೆ ಇಷ್ಟು ದೊಡ್ಡ ಪರಂಪರೆ ನಿಂತಿದೆ. ಅದನ್ನು ಬಿಟ್ಟು, ಬೆಂಗಳೂರಿನಿಂದ ಹೋದ ಹುಡುಗ ಮೈಕ್ ಹಿಡಿದು ‘ಎಡಗಡೆ ನೋಡಿ, ಹೊಗೆ’ ಎನ್ನುವುದನ್ನು ಕೇಳಿಕೊಂಡು ಬರುವುದು ನಷ್ಟದ ವ್ಯಾಪಾರ.

ಅವರಿಂದ ಕೇಳಲು ಸಿಗುವುದು ಬರೀ ಕತೆಯೂ ಅಲ್ಲ. ಹಳ್ಳಿಯ ಕಟ್ಟೆಯಿಂದ ಪೊಹುತು ಬುಗ್ಗೆ ಕಾಣುತ್ತದೆ, ದಿನಕ್ಕೆ ಹಲವು ಸಲ 30 ಮೀಟರಿನವರೆಗೆ ಚಿಮ್ಮುತ್ತದೆ. ಒಂದು ಕಾಲದಲ್ಲಿ ಅದು ಸೊರಗುತ್ತಾ ಬಂದಿತ್ತಂತೆ. ಊರಿನವರು, ಹೋಟೆಲಿನವರು ಮನೆ ಬೆಚ್ಚಗಿಡಲು, ಕೊಳ ತುಂಬಿಸಲು ಹಿತ್ತಲಲ್ಲೇ ಬೋರ್ ಕೊರೆಸಿ ಬಿಸಿನೀರು ಎಳೆಯತೊಡಗಿದ್ದರು. ಪಕ್ಕದ ಪಾಪಾಕುರಾ ಬುಗ್ಗೆ 1979ರಲ್ಲಿ ನಿಂತೇಹೋಯಿತು. 1986ರಲ್ಲಿ ಸರ್ಕಾರ, ಪೊಹುತುವಿನಿಂದ ಒಂದೂವರೆ ಕಿಲೋಮೀಟರ್ ಒಳಗಿನ ಬೋರುಗಳನ್ನೆಲ್ಲ ಮುಚ್ಚಿಸಲು ಹೊರಟಿತು. ನೂರಕ್ಕೂ ಹೆಚ್ಚು ಬೋರು. ಊರಿನಲ್ಲಿ ಗಲಾಟೆ, ವಿರೋಧ, ನಮ್ಮ ನೀರು ನಮ್ಮ ಹಕ್ಕು ಎಂಬ ಮಾತು. ಆದರೂ ಮುಚ್ಚಿದರು. ಕೆಳಗಿನ ಒತ್ತಡ ಏರಿತು, ಬುಗ್ಗೆಗಳು ಚೇತರಿಸಿಕೊಂಡವು, 2015ರಲ್ಲಿ ಪಾಪಾಕುರಾ ಮತ್ತೆ ಚಿಮ್ಮಿತು. ಸಾವಿರ ಅಡಿ ಕೊರೆಸಿಯೂ ನೀರು ಸಿಗದೆ ಇನ್ನೊಂದು ಪಾಯಿಂಟ್ ಹುಡುಕುವ ನಾಡಿನಿಂದ ಬಂದ ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು. ಎಲ್ಲ ಕಡೆ ಹೀಗೆ ಸುಖಾಂತವಾಗಿಲ್ಲ. ಟೌಪೊ ಬಳಿಯ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಶುರುವಾಯಿತು. ಅಲ್ಲಿನ ಬುಗ್ಗೆಗಳ ಕಣಿವೆ ಕೆಲವೇ ವರ್ಷಗಳಲ್ಲಿ ಸತ್ತಿತು. ಅಲ್ಲಿ ದೀಪ ಉರಿಯುತ್ತಿದೆ, ಬುಗ್ಗೆ ಇಲ್ಲ. ಯಾವುದು ಸರಿ ಎಂದು ಹೊರಗಿನವಳಾದ ನಾನು ಹೇಳಲಾರೆ. ಹಾಗೆ ಯೋಚಿಸುವಂತೆ ಮಾಡುವ ಒಂದು ಗಂಟೆಯನ್ನು ಪ್ರವಾಸದ ಪಟ್ಟಿಯಿಂದ ಹೊಡೆದುಹಾಕಿದ್ದಾರಲ್ಲ, ಅದೇ ನನ್ನ ಸಿಟ್ಟು.

ಟೂರ್ ಮುಗಿದ ಮೇಲೆ ತಂಗಿಯ ಮಗಳ ಮನೆಯಲ್ಲಿ ಉಳಿದುಕೊಂಡು, ಅವಳ ಕಾರಿನಲ್ಲಿ ಮತ್ತೆ ಅದೇ ಸೀಮೆಗೆ ಹೋದೆ. ವೈ ಒ ತಾಪುವಿನ ಲೇಡಿ ನಾಕ್ಸ್ ಬುಗ್ಗೆ ದಿನಾ ಬೆಳಿಗ್ಗೆ 10.15ಕ್ಕೆ ಸರಿಯಾಗಿ ಚಿಮ್ಮುತ್ತದೆ. ಚಿಮ್ಮಿಸುತ್ತಾರೆ ಅನ್ನಿ. ಒಬ್ಬ ಬಂದು ಅದರ ಬಾಯಿಗೆ ಸಾಬೂನಿನ ಪುಡಿ ಸುರಿಯುತ್ತಾನೆ. ಸುಮಾರು 1901ರಲ್ಲಿ ಅಲ್ಲಿದ್ದ ಬಯಲು ಜೈಲಿನ ಕೈದಿಗಳು ಬಟ್ಟೆ ಒಗೆಯಲು ಹೋಗಿ ಈ ಗುಟ್ಟು ಕಂಡುಕೊಂಡರು. ನೂರಾರು ಜನ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಟೈಮಿಗೆ ಸರಿಯಾಗಿ ಏಳುವ ಈ ಬುಗ್ಗೆ ಬಸ್ಸುಗಳ ಅನುಕೂಲಕ್ಕೇ ಹುಟ್ಟಿದಂತಿದೆ. ಅದೇ ಆವರಣದ ಶಾಂಪೇನ್ ಕೊಳಕ್ಕೆ ಯಾರ ಸಮಯದ ಹಂಗೂ ಇಲ್ಲ. 65 ಮೀಟರ್ ಅಗಲ, 74 ಡಿಗ್ರಿ ಬಿಸಿ, ಅಂಚಿನುದ್ದಕ್ಕೂ ಆರ್ಸೆನಿಕ್ ಆಂಟಿಮನಿಗಳ ಕುಂಕುಮಗೇಸರಿ ಬಣ್ಣ. ಹಬೆ ಸರಿದಾಗ ಬಣ್ಣ ಕಾಣುತ್ತದೆ, ಕವಿದಾಗ ಇಲ್ಲ. ಕಾಯಬೇಕು. ಕಾದೆವು. ಆದರೆ ಹೇಳಲೇಬೇಕು, ನೋಡಿ ‘ಆಹಾ’ ಎನ್ನಲು ಪಕ್ಕದಲ್ಲಿ ಹೆಗಡೆಯವರ ಹೆಂಡತಿ ಇಲ್ಲವಲ್ಲ ಅನ್ನಿಸಿತು. ಗುಂಪಿನ ರುಚಿಯೇ ಬೇರೆ.

ಗುಂಪಿನ ಅಪಾಯವೂ ಬೇರೆಯೇ. ಇದೇ ಜ್ವಾಲಾಮುಖಿ ವಲಯದ ಉತ್ತರದ ತುದಿಯ ಫಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರ ಮಧ್ಯಾಹ್ನ ಸ್ಫೋಟವಾದಾಗ 47 ಜನ ಅಲ್ಲಿದ್ದರು. ಹೆಚ್ಚಿನವರು ಐಷಾರಾಮಿ ಹಡಗೊಂದರಲ್ಲಿ ಬಂದು, ಒಂದು ದಿನದ ವಿಹಾರಕ್ಕೆಂದು ದ್ವೀಪಕ್ಕೆ ಇಳಿದವರು. 22 ಜನ ತೀರಿಕೊಂಡರು, ಅವರಲ್ಲಿ ಇಬ್ಬರು ಮಾರ್ಗದರ್ಶಕರು. ನ್ಯೂಜಿಲೆಂಡಿನ ಭೂವಿಜ್ಞಾನ ಸಂಸ್ಥೆ ಅದಕ್ಕೆ ಮೂರು ವಾರ ಮುಂಚೆ, ನವೆಂಬರ್ 18ರಂದು, ಎಚ್ಚರಿಕೆಯ ಮಟ್ಟವನ್ನು 1ರಿಂದ 2ಕ್ಕೆ ಏರಿಸಿ ಬಹಿರಂಗವಾಗಿ ಪ್ರಕಟಿಸಿತ್ತು. ಅದು ನಮಗೆ ತಿಳಿದಿರಲಿಲ್ಲ ಎಂದು ಬದುಕಿ ಬಂದವರು ಆಮೇಲೆ ಹೇಳಿದರು. ಈ ಪ್ರಕರಣದಲ್ಲಿ ದ್ವೀಪದ ಒಡೆಯರ ಕಂಪನಿ ತಪ್ಪಿತಸ್ಥ ಎಂಬ ತೀರ್ಪನ್ನು 2025ರಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತು. ಕಾನೂನಿನಲ್ಲಿ ಹೊಣೆ ಯಾರದೆಂಬ ವಾದ ವಕೀಲರಿಗಿರಲಿ. ಆ ನೆಲದವರು ಜೊತೆಗಿದ್ದರೆ ಎಲ್ಲ ಕ್ಷೇಮ ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಇದನ್ನು ಬರೆದೆ. ಅವರೂ ಸತ್ತರು. ನನ್ನನ್ನು ಕಾಡುವುದು ಬೇರೆ. ನಲವತ್ತು ಜನ ಒಟ್ಟಿಗೆ ಇಳಿಯುವಾಗ ‘ಇವತ್ತು ಇಳಿಯಬಹುದೇ?’ ಎಂದು ಕೇಳುವವರು ಯಾರು? ಎಲ್ಲರೂ ಇಳಿಯುತ್ತಿದ್ದಾರೆ, ಅಂದ ಮೇಲೆ ಯಾರೋ ವಿಚಾರಿಸಿಯೇ ಇರುತ್ತಾರೆ ಎಂದುಕೊಳ್ಳುತ್ತೇವೆ. ದುಡ್ಡು ಕಟ್ಟಿ ಆಗಿದೆ, ಕೇಳಿದರೆ ಅಪಶಕುನ ನುಡಿದಂತೆ. ಒಬ್ಬರೇ ಹೋದವರಿಗೆ ಇರುವ ಅಳುಕು ಗುಂಪಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಜ್ವಾಲಾಮುಖಿ ಸೀಮೆಗೆ ಜನರನ್ನು ಒಯ್ಯುವ ನಮ್ಮ ಕಂಪನಿಗಳು ಆ ದಿನದ ಎಚ್ಚರಿಕೆಯ ಮಟ್ಟ ಎಷ್ಟು, ಅದರ ಅರ್ಥವೇನು ಎಂದು ಬೆಳಗಿನ ತಿಂಡಿಯ ಹೊತ್ತಿಗೆ ಕನ್ನಡದಲ್ಲಿ ಹೇಳಬೇಕು. ಬೇಡ ಎಂದವರು ಹೋಟೆಲಿನಲ್ಲಿ ಉಳಿಯುವ ಅವಕಾಶ, ಆ ದಿನದ ಟಿಕೆಟಿನ ಹಣ ವಾಪಸು, ಎರಡೂ ಇರಬೇಕು. ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಸಿಗುವ ಮಾಹಿತಿ ಇದು.

ಮಾವೊರಿಗಳ ಸ್ವಾಗತದ ಕ್ರಮ ನೋಡಿದ ಮೇಲಂತೂ ಗುಂಪನ್ನು ಹೀಗಳೆಯುವವರಿಗೆ ನನ್ನಲ್ಲಿ ಉತ್ತರ ಸಿದ್ಧವಿದೆ. ಅವರ ಸಭಾಂಗಣಕ್ಕೆ ಅತಿಥಿ ಒಬ್ಬೊಬ್ಬನಾಗಿ ನುಗ್ಗುವಂತಿಲ್ಲ. ಒಬ್ಬನೇ ಬಂದವನು ಹೆಬ್ಬಾಗಿಲಲ್ಲಿ ಕಾದು, ಇನ್ನಷ್ಟು ಜನ ಸೇರಿದ ಮೇಲೆ ಅವರೊಂದಿಗೆ ಒಳಗೆ ಹೋಗುತ್ತಾನೆ. ಒಳಗಿನ ಹೆಂಗಸು ಕೂಗಿ ಕರೆಯುತ್ತಾಳೆ, ಬಂದವರ ಪರವಾಗಿ ಒಬ್ಬರು ಮಾತಾಡುತ್ತಾರೆ, ಮಾತು ಮುಗಿದ ಮೇಲೆ ಬಂದ ಗುಂಪು ತನ್ನದೊಂದು ಹಾಡು ಹೇಳಬೇಕು. ರೊಟೊರುವಾದಲ್ಲಿ ರಾತ್ರಿ ನಾವು ನೋಡಿದ ಕಾರ್ಯಕ್ರಮ ಪ್ರವಾಸಿಗರಿಗೆಂದೇ ಚುಟುಕು ಮಾಡಿದ್ದು, ನಿಜ. ಆದರೂ ನಮ್ಮ ಬಸ್ಸಿನ ಮುಖಂಡರೆಂದು ಹೆಗಡೆಯವರನ್ನು ನಿಲ್ಲಿಸಿ, ಮೂಗಿಗೆ ಮೂಗು ತಾಗಿಸಿ ಸ್ವಾಗತಿಸಿದರು. ನಾವು ನಾಡಗೀತೆ ಹಾಡಿದೆವು, ಕಂಪನಿಯ ಹುಡುಗನೂ ಸೇರಿ. ಶ್ರುತಿ ಎಲ್ಲಿಗೋ ಹೋಗಿತ್ತು. ಗುಂಪಾಗಿ ಬಂದವರಿಗೆ ಅಲ್ಲಿ ಬೆಲೆ ಇದೆ, ಗುಂಪಾಗಿಯೇ ನಡೆದುಕೊಂಡರೆ.

ಈ ಎಲ್ಲವನ್ನೂ ವಾಪಸು ಬಂದ ಮೇಲೆ ಕಂಪನಿಯ ಕಚೇರಿಯಲ್ಲಿ ಕೂತು ಹೇಳಿದೆ. ಅಲ್ಲಿನವರು ಒಳ್ಳೆಯವರೇ, ಕಾಫಿ ತರಿಸಿದರು. ‘ಮೇಡಂ, ಜನ ಕೇಳೋದು ಎಷ್ಟು ಊರು, ಎಷ್ಟು ರೇಟು ಅಂತ. ಒಂದು ಊರು ಕಡಿಮೆ ಮಾಡಿದರೆ ಪಕ್ಕದ ಕಂಪನಿಗೆ ಹೋಗ್ತಾರೆ’ ಎಂದರು. ಲೆಕ್ಕ ಸುಳ್ಳಲ್ಲ. ಹನ್ನೊಂದು ಊರಿನ ಪಟ್ಟಿ ಏಳು ಊರಿನ ಪಟ್ಟಿಗಿಂತ ಭಾರವಾಗಿ ಕಾಣುವುದು ನಮ್ಮ ಕಣ್ಣಿಗೇ. ಆದರೆ ರೊಟೊರುವಾದಲ್ಲಿ ಇನ್ನೊಂದು ರಾತ್ರಿ ಕೂಡಿಸಲು ಹೊಸ ವಿಮಾನ ಬೇಕಿಲ್ಲ, ಹೊಸ ಬಸ್ಸು ಬೇಕಿಲ್ಲ. ಕುರಿ ಶೋ ಬಿಟ್ಟರೆ ಹಳ್ಳಿಯ ಟಿಕೆಟಿನ ದುಡ್ಡು ಬಹುಪಾಲು ಅಲ್ಲೇ ಹೊಂದುತ್ತದೆ. ಸ್ಥಳೀಯ ಮಾರ್ಗದರ್ಶಕಿಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದು ಮ್ಯಾನೇಜರನ ಕೆಲಸವಾದರೆ ಅವನಿಗೂ ಕೆಲಸದಲ್ಲಿ ಮರ್ಯಾದೆ ಹೆಚ್ಚೀತು.

ನಮ್ಮ ರಸ್ತೆಯ ನಿವೃತ್ತ ಮೇಷ್ಟ್ರು ಈ ಸಲ ಅದೇ ದೇಶಕ್ಕೆ ಹೊರಟಿದ್ದಾರೆ, ಬೇರೆ ಕಂಪನಿ. ಮುಂಗಡ ಕಟ್ಟುವ ಮೊದಲು ಹಳ್ಳಿಯ ವಿಷಯ, ಖಾಸಗಿ ಕೊಳದ ವಿಷಯ ಕೇಳಿ ಎಂದು ಹೇಳಿ ಕಳಿಸಿದ್ದೆ. ಗುಂಪಿನ ಅರ್ಧದಷ್ಟು ಜನ ಬರೆದುಕೊಟ್ಟರೆ ಕುರಿ ಶೋ ತೆಗೆದು ಹಳ್ಳಿ ಸೇರಿಸುತ್ತೇವೆ ಎಂದಿದ್ದಾರಂತೆ. ಮೇಷ್ಟ್ರು ಹೆಸರಿನ ಪಟ್ಟಿ ಇಸಿದುಕೊಂಡು ಮೂರು ದಿನದಿಂದ ಫೋನಿಗೆ ಕೂತಿದ್ದಾರೆ. ದಾವಣಗೆರೆಯವರೊಬ್ಬರು ಮಾತ್ರ, ಕುರಿ ನೋಡಲೇಬೇಕು ಎಂದು ಹಟ ಹಿಡಿದಿದ್ದಾರಂತೆ.